ಮೋಡದ ವಾಚ್ಯ, ಮನಸ್ಸಿನ ವ್ಯಂಗ್ಯ: ಸ್ಟೀಗ್ಲಿಟ್ಸ್‌ನ ಕಪ್ಪುಬಿಳುಪು ಛಾಯಾಚಿತ್ರಗಳು ಮತ್ತು ಆತ್ಮಾಭಿವ್ಯಕ್ತಿಯ ಪ್ರಶ್ನೆ

1

ಸಾಹಿತ್ಯ ವಿಮರ್ಶೆಯಲ್ಲಿ ಛಾಯಾಚಿತ್ರವು ಬಹುಮಟ್ಟಿಗೆ ಪ್ರತ್ಯುದಾಹರಣೆಯಾಗಿಯೇ ಬಳಕೆಯಾಗುತ್ತ ಬಂದಿದೆ. ಒಂದು ಕೃತಿಯಲ್ಲಿ ಸೃಜನಶೀಲತೆ ಸಾಲದೆಂದು ಹೇಳಬೇಕಾದಾಗ ‘ಇದು ಬರಿಯ ಛಾಯಾಚಿತ್ರದಂತಿದೆ’ ಎಂಬ ಮಾತು ವಿಮರ್ಶಕರ ಲೇಖನಿಯಿಂದ ತಾನಾಗಿ ಹೊರಬೀಳುತ್ತದೆ. ಕುವೆಂಪು ಅವರ ಕಾವ್ಯಚಿಂತನೆಯಲ್ಲಿ ಬರುವ ಪ್ರತಿಕೃತಿ ಮತ್ತು ಪ್ರತಿಮೆಗಳ ಭೇದವನ್ನು ತರಗತಿಯಲ್ಲಿ ವಿವರಿಸುವಾಗಲೂ ಪ್ರತಿಕೃತಿಯ ಪಕ್ಕದಲ್ಲಿ ಕ್ಯಾಮೆರಾವನ್ನು ನಿಲ್ಲಿಸಿಬಿಡುವುದು ಅಧ್ಯಾಪಕರಿಗೆ ಸುಲಭವಾದ ದಾರಿ. ಯಂತ್ರವು ಎದುರಿಗಿದ್ದುದನ್ನು ಇದ್ದಂತೆಯೇ ಹಿಡಿಯುತ್ತದೆ, ಹಿಡಿಯುವವನ ಅಂತರಂಗಕ್ಕೆ ಅಲ್ಲಿ ಪ್ರವೇಶವಿಲ್ಲ ಎಂಬ ನಂಬಿಕೆ ಇದರ ಹಿಂದಿದೆ.

ಈ ನಂಬಿಕೆಯನ್ನು ಛಾಯಾಗ್ರಹಣದ ಒಳಗಿನಿಂದಲೇ ಪರೀಕ್ಷೆಗೆ ಒಡ್ಡಿದವನು ಅಮೆರಿಕದ ಆಲ್ಫ್ರೆಡ್ ಸ್ಟೀಗ್ಲಿಟ್ಸ್ (1864–1946). 1922ರಿಂದ 1930ರ ದಶಕದ ಆರಂಭದ ವರ್ಷಗಳವರೆಗೆ ಅವನು ತೆಗೆದ ಮೋಡಗಳ ಕಪ್ಪುಬಿಳುಪು ಚಿತ್ರಗಳು ‘ಈಕ್ವಿವಲೆಂಟ್ಸ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿವೆ. ಕನ್ನಡದಲ್ಲಿ ಇವನ್ನು ‘ಸಮಾನಕಗಳು’ ಎನ್ನಬಹುದು. ತನ್ನ ಬದುಕಿನ ಆಳದ ಅನುಭವಗಳಿಗೆ ಈ ಚಿತ್ರಗಳು ಸಮಾನವಾದವು ಎಂಬುದು ಅವನ ನಿಲುವು. ಮನೋಭಾವದ ಅಭಿವ್ಯಕ್ತಿಗೆ ಕ್ಯಾಮೆರಾ ಸಮರ್ಥವೆಂದು ವಾದಿಸುವವರೆಲ್ಲ ಇಂದಿಗೂ ಮೊದಲು ಕೈತೋರಿಸುವುದು ಈ ಮಾಲಿಕೆಯ ಕಡೆಗೆ. ಆದರೆ ಮೋಡದ ಚಿತ್ರವೊಂದು ಮನಸ್ಸನ್ನು ಹೇಳುತ್ತದೆ ಎಂದರೆ ಏನು? ಯಾರ ಮನಸ್ಸನ್ನು? ಹೇಗೆ? ಈ ಪ್ರಶ್ನೆಗಳನ್ನು ಪಾಶ್ಚಾತ್ಯ ವಿಮರ್ಶೆ ತನ್ನದೇ ಪರಿಭಾಷೆಯಲ್ಲಿ ಎತ್ತಿದೆ. ವಾಚ್ಯ–ವ್ಯಂಗ್ಯಗಳ ಸೂಕ್ಷ್ಮ ವಿವೇಚನೆಯನ್ನು ಪಠ್ಯಭಾಗವಾಗಿ ಉಳಿಸಿಕೊಂಡಿರುವ ಕನ್ನಡ ಅಧ್ಯಯನಕ್ಕೆ ಅವನ್ನು ಇನ್ನೊಂದು ಬದಿಯಿಂದ ನೋಡಲು ಸಾಧ್ಯವಿದೆ. ಪ್ರಸ್ತುತ ಲೇಖನದ ಉದ್ದೇಶ ಅದು.

2

ಸ್ಟೀಗ್ಲಿಟ್ಸ್ ಹುಟ್ಟಿದ್ದು ನ್ಯೂಜೆರ್ಸಿಯ ಹೊಬೊಕೆನ್‌ನಲ್ಲಿ, ಜರ್ಮನಿಯಿಂದ ವಲಸೆ ಬಂದ ಯಹೂದಿ ಕುಟುಂಬದಲ್ಲಿ. 1880ರ ದಶಕದಲ್ಲಿ ಇಂಜಿನಿಯರಿಂಗ್ ಕಲಿಯಲೆಂದು ಬರ್ಲಿನ್‌ಗೆ ಹೋದವನು ಅಲ್ಲಿ ದ್ಯುತಿರಸಾಯನ ತಜ್ಞ ಹರ್ಮನ್ ವಿಲ್ಹೆಲ್ಮ್ ಫೋಗೆಲ್‌ನ ಶಿಷ್ಯನಾದ. 1902ರಲ್ಲಿ ‘ಫೋಟೋ–ಸಿಸೆಷನ್’ ಬಳಗವನ್ನು ಕಟ್ಟಿದ್ದು, 1903ರಿಂದ 1917ರವರೆಗೆ ‘ಕ್ಯಾಮೆರಾ ವರ್ಕ್’ ಪತ್ರಿಕೆಯನ್ನು ನಡೆಸಿದ್ದು, ನ್ಯೂಯಾರ್ಕಿನ ‘291’ ಗ್ಯಾಲರಿಯಲ್ಲಿ ಯೂರೋಪಿನ ನವ್ಯಕಲೆಯನ್ನು ಅಮೆರಿಕಕ್ಕೆ ಪರಿಚಯಿಸಿದ್ದು — ಇವೆಲ್ಲ ಕಲಾಚರಿತ್ರೆಯ ಪರಿಚಿತ ಅಧ್ಯಾಯಗಳು. ಇಲ್ಲಿ ಮುಖ್ಯವಾದ ವಿವರ ಬೇರೊಂದು. ಕ್ಯಾಂಡಿನ್‌ಸ್ಕಿ ಕಲೆಯ ಆಧ್ಯಾತ್ಮಿಕತೆಯನ್ನು ಕುರಿತು ಬರೆದ ಗ್ರಂಥದ ಒಂದು ಭಾಗವನ್ನು ಅವನು 1912ರ ಜುಲೈ ಸಂಚಿಕೆಯಲ್ಲಿ ಪ್ರಕಟಿಸಿದ್ದ. ಬಣ್ಣ ಮತ್ತು ಆಕಾರಗಳು ವಸ್ತುವಿನ ಹಂಗಿಲ್ಲದೆ, ಸಂಗೀತದ ಸ್ವರಗಳಂತೆ, ನೇರವಾಗಿ ಅಂತರಂಗವನ್ನು ಮುಟ್ಟಬಲ್ಲವೆಂಬ ವಿಚಾರ ಅವನ ಮನಸ್ಸಿನಲ್ಲಿ ಹತ್ತು ವರ್ಷ ಮೊದಲೇ ಬಿದ್ದಿತ್ತು.

1922ರ ಬೇಸಗೆಯಲ್ಲಿ ಅವನು ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್ ಬಳಿಯ ಕುಟುಂಬದ ಹಳ್ಳಿಮನೆಯಲ್ಲಿದ್ದ. ಮೋಡಗಳಿಗೆ ಕೈಹಾಕಿದ್ದು ಏಕೆಂಬುದನ್ನು ಮರುವರ್ಷ ಬ್ರಿಟಿಷ್ ಛಾಯಾಗ್ರಹಣ ಪತ್ರಿಕೆಯೊಂದಕ್ಕೆ ಬರೆದ ಪುಟ್ಟ ಲೇಖನದಲ್ಲಿ ಅವನೇ ವಿವರಿಸುತ್ತಾನೆ. ಅದರಲ್ಲಿ ಎರಡು ಕಾರಣಗಳು ಹೆಣೆದುಕೊಂಡಿವೆ. ಮೊದಲನೆಯದು ವಾದದ ಕಾರಣ. ಅವನ ಭಾವಚಿತ್ರಗಳ ಶಕ್ತಿಯ ಗುಟ್ಟು, ಎದುರಿಗೆ ಕುಳಿತವರ ಮೇಲೆ ಅವನು ಬೀರುತ್ತಿದ್ದ ಸಮ್ಮೋಹನದಲ್ಲಿದೆ ಎಂದು ವಾಲ್ಡೊ ಫ್ರಾಂಕ್ ಎಂಬ ಲೇಖಕ ಅಭಿಪ್ರಾಯಪಟ್ಟಿದ್ದ. ಹಾಗಾದರೆ ಯಾರ ಸಮ್ಮೋಹನಕ್ಕೂ ಒಳಗಾಗದ, ಎಲ್ಲರಿಗೂ ತೆರೆದಿರುವ, ಯಾವ ಸುಂಕವೂ ಇಲ್ಲದ ಮೋಡವನ್ನೇ ತೆಗೆದು ತೋರಿಸುತ್ತೇನೆಂಬುದು ಅವನ ಹಟ. ಚಿತ್ರದ ಬಲ ವಿಷಯದಿಂದ ಬರುವುದೇ ಅಥವಾ ನೋಟದಿಂದ ಬರುವುದೇ ಎಂಬ ಹಳೆಯ ಪ್ರಶ್ನೆಗೆ ಇದೊಂದು ಪ್ರಯೋಗ.

ಎರಡನೆಯದು ಬದುಕಿನ ಕಾರಣ. ಆ ಬೇಸಗೆಯಲ್ಲಿ ಅವನ ತಾಯಿ ಸಾವಿನ ಹಾಸಿಗೆಯಲ್ಲಿದ್ದಳು. ಕುಟುಂಬದ ಆಸ್ತಿ ಕರಗುತ್ತಿತ್ತು. ಮೂವತ್ತೇಳು ವರ್ಷದ ಮುದಿ ಕುದುರೆಯೊಂದನ್ನು ಎಪ್ಪತ್ತರ ಗಾಡಿಯಾಳು ಹೇಗೋ ಬದುಕಿಸಿಟ್ಟುಕೊಂಡಿದ್ದ. ಅಮೆರಿಕದ ಚೆಸ್ಟ್‌ನಟ್ ಮರಗಳಿಗೆಲ್ಲ ರೋಗ ಬಡಿದು, ಮನೆಯ ಸುತ್ತಲಿನ ಮರಗಳೂ ಒಣಗುತ್ತಿದ್ದವು. ಈ ವಿವರಗಳನ್ನು ಅವನು ಯಾವ ಭಾವಾವೇಶವೂ ಇಲ್ಲದೆ ಒಂದರ ಕೆಳಗೊಂದು ಪಟ್ಟಿಮಾಡುತ್ತಾನೆ. ಜೊತೆಗೆ, ಅಷ್ಟು ಸಂಗೀತ ಬಲ್ಲವನು ಪಿಯಾನೊ ನುಡಿಸುವುದನ್ನು ಏಕೆ ಬಿಟ್ಟನೆಂದು ಭಾವಮೈದುನ ಆಶ್ಚರ್ಯಪಟ್ಟ ಪ್ರಸಂಗವನ್ನೂ ಸೇರಿಸುತ್ತಾನೆ. ಸಂಗೀತಗಾರ ಅರ್ನೆಸ್ಟ್ ಬ್ಲಾಖ್ ಈ ಚಿತ್ರಗಳನ್ನು ಕಂಡು ‘ಇದು ಸಂಗೀತ’ ಎಂದು ಉದ್ಗರಿಸಬೇಕೆಂಬುದು ಅವನ ಬಯಕೆ. ಹಾಗೆಯೇ ಆಯಿತೆಂದೂ ಬರೆಯುತ್ತಾನೆ. 1922ರ ಹತ್ತು ಚಿತ್ರಗಳ ಮಾಲಿಕೆಗೆ ‘ಸಂಗೀತ’ ಎಂದೂ 1923ರ ಚಿತ್ರಗಳಿಗೆ ‘ಆಕಾಶದ ಹಾಡುಗಳು’ ಎಂದೂ ಹೆಸರಿಟ್ಟ. 1925ರ ಸುಮಾರಿಗೆ ಈ ಹೆಸರುಗಳನ್ನು ಬಿಟ್ಟು ‘ಸಮಾನಕ’ ಎಂಬ ಒಂದೇ ಪದಕ್ಕೆ ಬಂದ. ಈ ನಾಮಾಂತರ ಕೇವಲ ಶೀರ್ಷಿಕೆಯ ಬದಲಾವಣೆಯಲ್ಲವೆಂಬುದು ಮುಂದೆ ಸ್ಪಷ್ಟವಾಗುತ್ತದೆ.

3

ಮೋಡವನ್ನು ಚಿತ್ರಿಸುವುದು ಛಾಯಾಗ್ರಹಣದ ಮೊದಲ ಎಂಬತ್ತು ವರ್ಷಗಳಲ್ಲಿ ಕಷ್ಟದ ಕೆಲಸವಾಗಿತ್ತು. ಹಳೆಯ ಗಾಜಿನ ಫಲಕಗಳ ಲೇಪ ನೀಲಿ ಮತ್ತು ನೇರಿಳೆ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿತ್ತು. ನೀಲಿ ಆಕಾಶವೂ ಬಿಳಿ ಮೋಡವೂ ನೆಗೆಟಿವ್‌ನಲ್ಲಿ ಒಂದೇ ಸಮನೆ ದಟ್ಟವಾಗಿ ಬೀಳುತ್ತಿದ್ದುದರಿಂದ ಮುದ್ರಿತ ಚಿತ್ರದಲ್ಲಿ ಆಕಾಶವೆಲ್ಲ ಬರಿಯ ಬಿಳಿ ಕಾಗದವಾಗಿ ಉಳಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಕಾಗದದ ಮೇಲೆ ಜೋಡಿಸಿದ್ದು ಈ ತೊಡಕಿನಿಂದ ಪಾರಾಗಲೆಂದೇ. ಲೇಪಕ್ಕೆ ವರ್ಣದ್ರವ್ಯ ಸೇರಿಸಿದರೆ ಹಸಿರು–ಹಳದಿ ಬೆಳಕಿಗೂ ಅದು ಸ್ಪಂದಿಸುತ್ತದೆಂದು 1873ರಲ್ಲಿ ಕಂಡುಕೊಂಡವನು ಸ್ಟೀಗ್ಲಿಟ್ಸ್‌ನ ಗುರು ಫೋಗೆಲ್. ಮೂವತ್ತೈದು ವರ್ಷಗಳಿಗೂ ಹಿಂದೆ ಸ್ವಿಟ್ಜರ್ಲೆಂಡಿನ ಮ್ಯೂರೆನ್‌ನಲ್ಲಿ ಇಂಥ ಆರ್ಥೊಕ್ರೊಮ್ಯಾಟಿಕ್ ಫಲಕಗಳನ್ನಿಟ್ಟುಕೊಂಡು ಪ್ರಯೋಗ ಮಾಡುತ್ತಿದ್ದಾಗಲೇ ಮೋಡಗಳು ತನ್ನನ್ನು ಕಾಡಿದ್ದವೆಂದು ಶಿಷ್ಯ ನೆನೆಯುತ್ತಾನೆ. ಕೆಂಪನ್ನೂ ಒಳಗೊಂಡು ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಲೇಪ 1920ರ ದಶಕದಲ್ಲಿ ಬಳಕೆಗೆ ಸಿಕ್ಕಾಗ ಆಕಾಶವನ್ನು ಬೇಕಾದಷ್ಟು ಕಪ್ಪಾಗಿಸುವ ಸ್ವಾತಂತ್ರ್ಯ ದೊರೆಯಿತು.

ಸ್ವಾತಂತ್ರ್ಯ ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಕಣ್ಣಿಗೆ ಕಾಣುವ ಹಗಲಿನ ಆಕಾಶ ಕಪ್ಪಲ್ಲ. ಸಮಾನಕಗಳಲ್ಲಿ ಅದು ಎಷ್ಟೋ ಸಲ ಕಾಡಿಗೆಯಂತೆ ಕಪ್ಪಾಗಿದೆ. ಮೋಡದ ಅಂಚುಗಳು ಮಾತ್ರ ಗೀರು ಬೆಳಕಿನಲ್ಲಿ ಎದ್ದುಕಾಣುತ್ತವೆ. ಸೂರ್ಯನಿದ್ದರೂ ಅದು ಪುಟ್ಟ ಮಂಕು ಬಿಂದು. ಈ ಕಪ್ಪು ಪ್ರಕೃತಿ ಕೊಟ್ಟದ್ದಲ್ಲ, ಮುದ್ರಿಸುವಾಗ ಛಾಯಾಗ್ರಾಹಕ ಆಯ್ದುಕೊಂಡದ್ದು. ಬಣ್ಣವಿದ್ದರೆ ನೀಲಿಯು ಆಕಾಶವನ್ನು ಆಕಾಶವೆಂದೇ ಗುರುತಿಸುತ್ತ, ಹೊತ್ತು ಯಾವುದು, ಋತು ಯಾವುದು ಎಂಬುದನ್ನೂ ಹೇಳಿಬಿಡುತ್ತಿತ್ತು. ಬಣ್ಣ ಕಳಚಿದೊಡನೆ ಉಳಿಯುವುದು ಕಪ್ಪಿನಿಂದ ಬಿಳಿಯವರೆಗಿನ ಮೆಟ್ಟಿಲುಗಳು ಮಾತ್ರ. ಅವುಗಳಿಗೆ ಲೋಕದ ಹೊತ್ತುಗೊತ್ತುಗಳಿಲ್ಲ.

ಚೌಕಟ್ಟಿನಲ್ಲೂ ಇಂಥದೇ ಕಳಚುವಿಕೆ ನಡೆಯುತ್ತದೆ. 1922ರ ‘ಸಂಗೀತ’ ಮಾಲಿಕೆಯನ್ನು ಎಂಟು–ಹತ್ತು ಅಂಗುಲದ ದೊಡ್ಡ ಕ್ಯಾಮೆರಾದಲ್ಲಿ ತೆಗೆದದ್ದು. ಅಲ್ಲಿ ಕೆಳಗಡೆ ಗುಡ್ಡದ ಸಾಲಿದೆ, ಮನೆಯೂ ಕಾಣುತ್ತದೆ. 1923ರಿಂದ ಅವನು ಕೈಯಲ್ಲಿ ಹಿಡಿದು ಮೇಲಕ್ಕೆತ್ತಬಹುದಾದ ನಾಲ್ಕು–ಐದು ಅಂಗುಲದ ಗ್ರಾಫ್ಲೆಕ್ಸ್ ಕ್ಯಾಮೆರಾ ಬಳಸಿದ. ಬಹುಪಾಲು ಚಿತ್ರಗಳಲ್ಲಿ ನೆಲ ಮರೆಯಾಯಿತು. ದಿಗಂತವಿಲ್ಲದಿರುವುದರಿಂದ ಚಿತ್ರಕ್ಕೆ ಮೇಲು–ಕೆಳಗು ಎಂಬುದೇ ಅನಿಶ್ಚಿತವಾಯಿತು. ಒಂದೇ ನೆಗೆಟಿವ್‌ನ ಪ್ರತಿಗಳನ್ನು ಅವನು ಬೇರೆಬೇರೆ ದಿಕ್ಕಿಗೆ ತಿರುಗಿಸಿ ಕಟ್ಟಿಸಿದ್ದೂ ಉಂಟು. ನೆಗೆಟಿವ್‌ನಷ್ಟೇ ಅಳತೆಯ, ಅಂಗೈಯಲ್ಲಿ ಹಿಡಿಯಬಹುದಾದ ಈ ಪುಟ್ಟ ಮುದ್ರಿಕೆಗಳನ್ನು ಅಗಲವಾದ ಬಿಳಿ ಹಲಗೆಯ ನಡುವೆ ಕೂರಿಸಲಾಗಿದೆ. ಆಕಾಶದಷ್ಟು ದೊಡ್ಡ ವಸ್ತು ಅಂಚೆ ಕಾರ್ಡಿನಷ್ಟು ಸಣ್ಣದಾಗಿ, ಒಬ್ಬನೇ ಹತ್ತಿರ ಬಾಗಿ ನೋಡಬೇಕಾದದ್ದಾಗಿ ಮಾರ್ಪಡುತ್ತದೆ. ರೋಸಲಿಂಡ್ ಕ್ರೌಸ್ 1979ರಲ್ಲಿ ಬರೆದ ಲೇಖನದಲ್ಲಿ ಈ ಮಾಲಿಕೆಯ ಸತ್ವವನ್ನು ‘ಕತ್ತರಿಸುವಿಕೆ’ಯಲ್ಲಿಯೇ ಗುರುತಿಸಿದ್ದಾರೆ. ಅಖಂಡವಾದ ಆಕಾಶದಿಂದ ಒಂದು ತುಂಡನ್ನು ಕತ್ತರಿಸಿದಾಗ ಅದು ತನ್ನ ನೆಲೆಯನ್ನೂ ನೋಡುವವನ ನೆಲೆಯನ್ನೂ ಏಕಕಾಲಕ್ಕೆ ಕಳಚುತ್ತದೆ.

4

ಟಿ.ಎಸ್. ಎಲಿಯಟ್ 1919ರಲ್ಲಿ ಹ್ಯಾಮ್ಲೆಟ್ ನಾಟಕವನ್ನು ಚರ್ಚಿಸುತ್ತ ಮಂಡಿಸಿದ, ನವ್ಯ ವಿಮರ್ಶೆಯ ಮೂಲಕ ‘ವಸ್ತುಪ್ರತಿರೂಪ’ ಎಂದು ಕನ್ನಡಕ್ಕೆ ಬಂದ ಪರಿಕಲ್ಪನೆಗೂ ಸಮಾನಕಕ್ಕೂ ಇರುವ ಸಾಮ್ಯ ಮೇಲ್ನೋಟಕ್ಕೇ ಎದ್ದುಕಾಣುತ್ತದೆ. ಭಾವವನ್ನು ನೇರವಾಗಿ ಹೇಳದೆ ಅದಕ್ಕೆ ಹೊರಲೋಕದಲ್ಲಿ ಸಂವಾದಿಯಾದುದನ್ನು ಕಂಡುಕೊಳ್ಳಬೇಕೆಂಬುದು ಎರಡಕ್ಕೂ ಸಮಾನ. ಆದರೆ ಎಲಿಯಟ್‌ನ ಕಲ್ಪನೆಯಲ್ಲಿ ಸನ್ನಿವೇಶವೂ ಘಟನೆಗಳ ಸರಣಿಯೂ ಇವೆ. ಭಾವಕ್ಕೆ ಅವು ಸಾಕಷ್ಟು ಕಾರಣ ಒದಗಿಸುತ್ತವೆಯೇ ಎಂದು ಓದುಗ ಪರೀಕ್ಷಿಸಬಲ್ಲ. ಮೋಡದ ತುಂಡೊಂದರಲ್ಲಿ ಸನ್ನಿವೇಶವಿಲ್ಲ. ಆದ್ದರಿಂದ ವಸ್ತುಪ್ರತಿರೂಪಕ್ಕಿಂತ ಧ್ವನಿತತ್ವವೇ ಇಲ್ಲಿ ಹೆಚ್ಚು ಉಪಯುಕ್ತ.

ಧ್ವನಿವಿಚಾರ ಕನ್ನಡಕ್ಕೆ ಹೊಸತಲ್ಲ. ಕವಿರಾಜಮಾರ್ಗದಲ್ಲಿಯೇ ಧ್ವನಿಯು ಅಲಂಕಾರವೊಂದರ ಹೆಸರಾಗಿ ಬಂದಿದೆ; ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಮತ್ತು ಕೆ. ಕೃಷ್ಣಮೂರ್ತಿಯವರ ಧ್ವನ್ಯಾಲೋಕದ ಅನುವಾದಗಳ ಮೂಲಕ ಆನಂದವರ್ಧನನ ಸಿದ್ಧಾಂತ ಕನ್ನಡ ತರಗತಿಯ ಭಾಗವಾಗಿದೆ. ಆ ಸಿದ್ಧಾಂತದಲ್ಲಿ ವ್ಯಂಗ್ಯಾರ್ಥವು ವಾಚ್ಯವನ್ನು ಅಳಿಸುವುದಿಲ್ಲ, ಅದನ್ನು ದೀಪದಂತೆ ಬಳಸಿಕೊಂಡು ಹೊಳೆಯುತ್ತದೆ. ‘ಗಂಗೆಯಲ್ಲಿ ಹಟ್ಟಿ’ ಎಂಬ ಲಕ್ಷಣೆಯ ಪ್ರಸಿದ್ಧ ನಿದರ್ಶನದಲ್ಲಿ ಮುಖ್ಯಾರ್ಥಕ್ಕೆ ಬಾಧೆ ಬಂದು ಮನಸ್ಸು ದಡದ ಕಡೆಗೆ ಹೊರಳುತ್ತದೆ. ಛಾಯಾಚಿತ್ರದಲ್ಲಿ ಅಂಥ ಬಾಧೆ ಬರುವಂತಿಲ್ಲ. ಮೋಡ ಮೋಡವೇ. ಅದು ಇದ್ದುದರಿಂದಲೇ ಅದರ ಬೆಳಕು ಫಿಲ್ಮಿನ ಮೇಲೆ ಬಿದ್ದಿದೆ. ಭಾಷೆಯಲ್ಲಿ ವಾಚ್ಯವು ಸಂಕೇತದಿಂದ ಬರುವುದಾದರೆ ಇಲ್ಲಿ ಅದು ಕಾರ್ಯಕಾರಣದಿಂದ ಬರುತ್ತದೆ. ಹಾಗಾಗಿ ಇನ್ನೂ ಹಟಮಾರಿಯಾದದ್ದು.

ಈ ಹಟಮಾರಿ ವಾಚ್ಯದ ಜೊತೆ ಸ್ಟೀಗ್ಲಿಟ್ಸ್ ನಡೆಸಿದ ಹೋರಾಟವೆಂದು ಅವನ ತಂತ್ರಗಳೆಲ್ಲವನ್ನೂ ಓದಬಹುದು. ಗೀತದ ನಾದಕ್ಕೆ ವಾಚ್ಯಾರ್ಥವಿಲ್ಲದಿದ್ದರೂ ಅದು ರಸಾದಿಗಳನ್ನು ಅಭಿವ್ಯಕ್ತಗೊಳಿಸಬಲ್ಲದೆಂಬುದನ್ನು ಆನಂದವರ್ಧನನೇ ಮೂರನೆಯ ಉದ್ಯೋತದ ಚರ್ಚೆಯಲ್ಲಿ ಒಪ್ಪುತ್ತಾನೆ. ವ್ಯಂಜಕತ್ವವು ವಾಚಕತ್ವಕ್ಕಿಂತ ಬೇರೆಯಾದುದೆಂದು ಸಾಧಿಸಲು ಅವನಿಗೆ ಇದೊಂದು ಆಧಾರ. ಬ್ಲಾಖ್ ‘ಸಂಗೀತ’ ಎಂದು ಉದ್ಗರಿಸಬೇಕೆಂದು ಸ್ಟೀಗ್ಲಿಟ್ಸ್ ಬಯಸಿದ್ದರ ಅರ್ಥ ಇಲ್ಲಿ ತೆರೆದುಕೊಳ್ಳುತ್ತದೆ. ವಾಚ್ಯದ ಭಾರ ಹೊತ್ತ ಮಾಧ್ಯಮವೊಂದನ್ನು ವಾಚ್ಯವೇ ಇಲ್ಲದ ನಾದದ ಸ್ಥಿತಿಗೆ ಎಷ್ಟು ಹತ್ತಿರ ಒಯ್ಯಬಹುದೆಂಬ ಪರೀಕ್ಷೆ ಅದು. ನೀಲಿಯನ್ನು ತೆಗೆದದ್ದು, ನೆಲವನ್ನು ತೆಗೆದದ್ದು, ಮೇಲು–ಕೆಳಗನ್ನು ಸಡಿಲಿಸಿದ್ದು — ಮೂರೂ ವಾಚ್ಯದ ಕಂಠವನ್ನು ತಗ್ಗಿಸುವ ಕ್ರಮಗಳೇ. ಕಪ್ಪುಬಿಳುಪು ಇಲ್ಲಿ ಹಳೆಯ ಕಾಲದ ಅನಿವಾರ್ಯತೆಯಾಗಿಯಷ್ಟೇ ಉಳಿಯದೆ ವ್ಯಂಜನೆಯ ಉಪಕರಣವಾಗುತ್ತದೆ.

ಶೀರ್ಷಿಕೆಯ ಬದಲಾವಣೆಯನ್ನೂ ಇದೇ ದೃಷ್ಟಿಯಿಂದ ನೋಡಬೇಕು. ‘ಸಂಗೀತ’, ‘ಹಾಡು’ ಎಂದಾಗ ಉಪಮಾನವೊಂದು ನೋಡುವವನ ಕೈಗೆ ಸಿಗುತ್ತದೆ. ‘ಸಮಾನಕ’ ಎಂಬ ಪದವಾದರೋ ಸಂಬಂಧವನ್ನು ಮಾತ್ರ ಸೂಚಿಸಿ ಸುಮ್ಮನಾಗುತ್ತದೆ. ಯಾವುದಕ್ಕೆ ಸಮಾನ? ಉತ್ತರವಿಲ್ಲ. ಉಪಮೇಯವನ್ನು ನುಂಗಿದ ಅತಿಶಯೋಕ್ತಿಯಲ್ಲಿ ಚಂದ್ರನೆಂದರೆ ಮುಖವೆಂದು ಓದುಗನಿಗೆ ಹೊಳೆಯುವುದು ಕವಿಸಮಯದ ಬಲದಿಂದ. ಲೇಕ್ ಜಾರ್ಜಿನ ಮೋಡಕ್ಕೆ ಅಂಥ ಸಮಯವಿಲ್ಲ. ಭಾರತೀಯ ಓದುಗನಿಗಾದರೆ ಮೋಡ ಕಂಡೊಡನೆ ವಿರಹದ ನೆನಪಾಗುವುದು ಸಹಜ. ಬೇಂದ್ರೆಯವರು ಕನ್ನಡಕ್ಕೆ ತಂದ ಮೇಘದೂತವನ್ನು ಓದಿದವರಿಗೆ ಇನ್ನೂ ಸಹಜ. ಆದರೆ ಅದು ಕಾಳಿದಾಸನ ಬಳುವಳಿಯೇ ಹೊರತು ಸ್ಟೀಗ್ಲಿಟ್ಸ್‌ನ ಚಿತ್ರದ ಗುಣವಲ್ಲ. ಅಂಥ ಓದು ಎಷ್ಟೇ ಹಿತವೆನಿಸಿದರೂ ಚಿತ್ರದ ಮೇಲೆ ಹೊರಗಿನಿಂದ ಹೊದಿಸಿದ ಹೊದಿಕೆಯಾಗಿಯೇ ಉಳಿಯುತ್ತದೆ.

5

ಇಲ್ಲಿಯೇ ಗಂಭೀರವಾದ ಆಕ್ಷೇಪವೊಂದು ಏಳುತ್ತದೆ. ಆರ್ಥೀ ವ್ಯಂಜನೆಗೆ ಸಹಾಯಕವಾಗುವ ಅಂಶಗಳನ್ನು ಮಮ್ಮಟನು ಕಾವ್ಯಪ್ರಕಾಶದ ಮೂರನೆಯ ಉಲ್ಲಾಸದಲ್ಲಿ ಎಣಿಸುತ್ತಾನೆ: ಹೇಳುವವನು ಯಾರು, ಕೇಳುವವನು ಯಾರು, ಪ್ರಸ್ತಾವ ಯಾವುದು, ದೇಶ–ಕಾಲಗಳೇನು ಇತ್ಯಾದಿ. ಇವುಗಳ ವೈಶಿಷ್ಟ್ಯವಿಲ್ಲದೆ ಸಾಧಾರಣ ವಾಕ್ಯವು ಧ್ವನಿಪೂರ್ಣವಾಗದು. ಸ್ಟೀಗ್ಲಿಟ್ಸ್ ತನ್ನ ಚಿತ್ರಗಳಿಂದ ತೆಗೆದುಹಾಕಿದ್ದು ನಿಖರವಾಗಿ ಇವನ್ನೇ. ಹಾಗಾದರೆ ಧ್ವನಿ ಎಲ್ಲಿಂದ ಬರಬೇಕು?

ಅಲನ್ ಸೆಕುಲಾ 1975ರಲ್ಲಿ ‘ಆರ್ಟ್‌ಫೋರಂ’ ಪತ್ರಿಕೆಯಲ್ಲಿ ಬರೆದ ಪ್ರಸಿದ್ಧ ಲೇಖನ ಧ್ವನಿಪರಿಭಾಷೆಯ ಪರಿಚಯವಿಲ್ಲದೆಯೂ ಈ ಪ್ರಶ್ನೆಯನ್ನೇ ಕೇಳಿತು. ಲ್ಯೂಯಿಸ್ ಹೈನ್‌ನ ವಲಸಿಗರ ಚಿತ್ರವನ್ನೂ ಸ್ಟೀಗ್ಲಿಟ್ಸ್ 1907ರಲ್ಲಿ ಹಡಗಿನಲ್ಲಿ ತೆಗೆದ ‘ದಿ ಸ್ಟೀರೇಜ್’ ಚಿತ್ರವನ್ನೂ ಎದುರುಬದುರು ಇಟ್ಟು ಸೆಕುಲಾ ತೋರಿಸಿದ್ದೇನೆಂದರೆ, ಛಾಯಾಚಿತ್ರದ ಅರ್ಥ ಅದರೊಳಗೆ ಸಿದ್ಧವಾಗಿ ಕುಳಿತಿರುವುದಿಲ್ಲ. ಅದು ಬಳಕೆಯಾಗುವ ಮಾತಿನ ಪರಿಸರ ಅದಕ್ಕೆ ಅರ್ಥ ಕೊಡುತ್ತದೆ. ಒಂದನ್ನು ಸಾಮಾಜಿಕ ದಾಖಲೆಯೆಂದೂ ಇನ್ನೊಂದನ್ನು ಆತ್ಮದ ಅಭಿವ್ಯಕ್ತಿಯೆಂದೂ ಓದುವುದು ಪತ್ರಿಕೆ, ಗ್ಯಾಲರಿ, ಲೇಖಕನ ಹೇಳಿಕೆಗಳು ಕಲಿಸಿದ ಅಭ್ಯಾಸ. ಈ ವಾದವನ್ನು ಮೋಡಗಳಿಗೆ ಅನ್ವಯಿಸಿದರೆ, ತಾಯಿಯ ಸಾವು, ಮುದಿ ಕುದುರೆ, ಒಣಗಿದ ಮರಗಳು — ಇವೆಲ್ಲ ಇರುವುದು 1923ರ ಲೇಖನದಲ್ಲಿ. ಚಿತ್ರದಲ್ಲಿ ಇರುವುದು ಮೋಡ. ಪ್ರಕರಣವನ್ನು ಚೌಕಟ್ಟಿನಿಂದ ಹೊರಹಾಕಿದ ಕಲಾವಿದ ಅದನ್ನೇ ಗದ್ಯದ ಬಾಗಿಲಿನಿಂದ ಒಳಗೆ ಕರೆತಂದಿದ್ದಾನೆ.

ಸೆಕುಲಾನ ಆಕ್ಷೇಪ ಬಹುಭಾಗ ಸರಿಯಾದುದು. ಜೀವನಚರಿತ್ರೆಯನ್ನು ಮೊದಲೇ ಓದಿಕೊಂಡು ಪ್ರತಿ ಕಪ್ಪು ಮೋಡದಲ್ಲೂ ಒಂದೊಂದು ದುಃಖವನ್ನು ಹುಡುಕುವ ವಿಮರ್ಶೆ ಇಂದಿಗೂ ಹೇರಳವಾಗಿದೆ. 1923ರಲ್ಲಿ ಸ್ಟೀಗ್ಲಿಟ್ಸ್‌ನ ಮಗಳು ಹೆರಿಗೆಯ ನಂತರ ತೀವ್ರ ಖಿನ್ನತೆಗೆ ತುತ್ತಾಗಿ ಉಳಿದ ಬದುಕನ್ನು ಆಸ್ಪತ್ರೆಯಲ್ಲಿಯೇ ಕಳೆಯಬೇಕಾಯಿತು. ಮರುವರ್ಷ ಅವನು ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್‌ಳನ್ನು ಮದುವೆಯಾದ. ಈ ಎರಡು ಸಂಗತಿಗಳ ನಡುವೆ ತೆಗೆದ ಚಿತ್ರವೊಂದು ಶೋಕದ್ದೋ ಸಂತೋಷದ್ದೋ ಎಂಬುದನ್ನು ಚಿತ್ರವನ್ನಷ್ಟೇ ನೋಡಿ ಹೇಳಲು ಬಾರದು. ಮನಶ್ಶಾಸ್ತ್ರೀಯ ಆತ್ಮಾಭಿವ್ಯಕ್ತಿ ಎಂದರೆ ಇಂಥ ಘಟನೆಗೆ ಇಂಥ ಚಿತ್ರ ಎಂಬ ಲೆಕ್ಕವಾಗಿದ್ದರೆ ಸಮಾನಕಗಳು ಸೋತಂತೆಯೇ.

ಆದರೂ ಆಕ್ಷೇಪಕ್ಕೆ ಒಂದು ಮಿತಿಯಿದೆ. ಲೇಖನವನ್ನು ಓದದವರಿಗೂ ಈ ಚಿತ್ರಗಳಲ್ಲಿ ಕೆಲವು ಭಾರವೆನಿಸುತ್ತವೆ, ಕೆಲವು ಚಂಚಲವೆನಿಸುತ್ತವೆ, ಇನ್ನು ಕೆಲವು ಉಸಿರು ಕಟ್ಟಿದಂತೆ ತೋರುತ್ತವೆ. ಇವು ಶೋಕ, ಹರ್ಷ ಎಂಬ ಹೆಸರುಳ್ಳ ಸ್ಥಾಯಿಭಾವಗಳಲ್ಲ. ಅವುಗಳ ಸುತ್ತ ಸುಳಿಯುವ ಸಂಚಾರಿಗಳಿಗೆ ಹತ್ತಿರವಾದವು. ಕಪ್ಪಿನ ವಿಸ್ತಾರ, ಬೆಳಕಿನ ಗೀರುಗಳ ಓಟ, ಅಂಚಿನ ಒತ್ತಡ — ಇವು ಯಾವ ಮಾತಿನ ಪರಿಸರವನ್ನೂ ಕಾಯದೆ ಕೆಲಸ ಮಾಡುತ್ತವೆ. ಯಾವ ಕ್ರಮದಲ್ಲಿ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಅಸಂಲಕ್ಷ್ಯಕ್ರಮವೆಂಬ ಪರಿಭಾಷೆ ಇಲ್ಲಿ ಎರವಲಿನದೆನಿಸುವುದಿಲ್ಲ.

6

ಸಮಾನಕದ ವಿಚಾರವನ್ನು ಮುಂದುವರಿಸಿದವನು ಮೈನರ್ ವೈಟ್ (1908–1976). ‘ಅಪರ್ಚರ್’ ಪತ್ರಿಕೆಯನ್ನು 1952ರಲ್ಲಿ ಸ್ಥಾಪಿಸಿದವರಲ್ಲಿ ಒಬ್ಬನೂ ಅದರ ಮೊದಲ ಸಂಪಾದಕನೂ ಆದ ಇವನು 1963ರ ಪ್ರಬಂಧವೊಂದರಲ್ಲಿ ಸಮಾನಕತ್ವವನ್ನು ಶೈಲಿಯೆಂದು ಕರೆಯದೆ ವ್ಯಾಪಾರವೆಂದು ಕರೆದ. ನೋಡುವವನೊಬ್ಬನಲ್ಲಿ ಸಮಾನಕವಾಗಿ ವರ್ತಿಸಿದ ಚಿತ್ರ ಇನ್ನೊಬ್ಬನಲ್ಲಿ ಹಾಗೆ ವರ್ತಿಸದೇ ಇರಬಹುದು. ಹೀಗೆ ಭಾರವೆಲ್ಲ ಛಾಯಾಗ್ರಾಹಕನಿಂದ ಪ್ರೇಕ್ಷಕನ ಕಡೆಗೆ ಸರಿಯಿತು. ಸಲಿಂಗಾನುರಾಗವನ್ನು ಬಹಿರಂಗವಾಗಿ ಹೇಳಲಾಗದ ಕಾಲದಲ್ಲಿ ಬದುಕಿದ ವೈಟ್‌ಗೆ ಬಂಡೆ, ಅಲೆ, ಹಿಮದ ಚಿತ್ರಗಳ ಕಪ್ಪುಬಿಳುಪಿನಲ್ಲಿ ಮಾತನಾಡುವುದು ಕಲೆಯ ಆಯ್ಕೆಯೊಂದೇ ಆಗಿರಲಿಲ್ಲವೆಂಬುದನ್ನೂ ಗಮನಿಸಬೇಕು. ಶಿಷ್ಯನೊಬ್ಬನನ್ನು ರೂಪದರ್ಶಿಯಾಗಿಸಿ 1948ರಲ್ಲಿ ರೂಪಿಸಿದ ‘ಸಂತ ಆಂಥೊನಿಯ ಪ್ರಲೋಭನೆ’ಯ ಮಾಲಿಕೆ ಅವನ ಜೀವಿತಕಾಲದಲ್ಲಿ ಪ್ರಕಟವಾಗಲಿಲ್ಲ. ಹೇಳಲಾಗದ್ದನ್ನು ಹೇಳುವ ದಾರಿಯಾಗಿ ವ್ಯಂಜನೆ ಅವನಿಗೆ ಒದಗಿತು.

ವೈಟ್‌ನ ಪ್ರೇಕ್ಷಕ ಸಹೃದಯನನ್ನು ನೆನಪಿಸಿದರೂ ಇಬ್ಬರೂ ಒಂದೇ ಅಲ್ಲ. ಅಭಿನವಗುಪ್ತನ ಸಹೃದಯನದು ಕಾವ್ಯಾಭ್ಯಾಸದಿಂದ ನಿರ್ಮಲವಾದ, ವರ್ಣ್ಯವಸ್ತುವಿನಲ್ಲಿ ತನ್ಮಯವಾಗಬಲ್ಲ ಮನಸ್ಸು. ವೈಟ್‌ನ ಪ್ರೇಕ್ಷಕನಾದರೋ ಚಿತ್ರವನ್ನು ಕನ್ನಡಿಯಾಗಿಸಿಕೊಂಡು ತನ್ನನ್ನೇ ಕಾಣಲು ಸ್ವತಂತ್ರ. ಮೊದಲನೆಯದರಲ್ಲಿ ಸ್ವಂತದ್ದು ಕರಗಬೇಕು, ಎರಡನೆಯದರಲ್ಲಿ ಅದು ಪ್ರತಿಫಲಿಸಬೇಕು. ಎರಡನೆಯ ದಾರಿಯಲ್ಲಿ ಯಾವ ಚಿತ್ರವೂ ಯಾರಿಗೂ ಏನನ್ನಾದರೂ ಹೇಳಬಹುದಾಗಿ, ಒಳ್ಳೆಯ ಚಿತ್ರಕ್ಕೂ ಸಾಧಾರಣ ಚಿತ್ರಕ್ಕೂ ಭೇದವೇ ಉಳಿಯದ ಅಪಾಯವಿದೆ. ವೈಟ್‌ನ ಅನುಕರಣೆಯಲ್ಲಿ ಬಂದ ಮಂಜು, ಸಿಪ್ಪೆ ಎದ್ದ ಗೋಡೆ, ಒದ್ದೆ ಕಲ್ಲುಗಳ ಅಸಂಖ್ಯ ಚಿತ್ರಗಳು ಈ ಅಪಾಯಕ್ಕೆ ಸಾಕ್ಷಿ.

7

ಈ ಚರ್ಚೆಗೆ ಭಾರತೀಯ ಚಿಂತನೆಯೊಡನೆ ನೇರ ಸಂಬಂಧವೊಂದಿದೆ. ಸ್ಟೀಗ್ಲಿಟ್ಸ್‌ನ ಇಪ್ಪತ್ತೇಳು ಛಾಯಾಚಿತ್ರಗಳು 1924ರಲ್ಲಿ ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯಕ್ಕೆ ಸೇರಲು ಕಾರಣರಾದವರು ಆನಂದ ಕುಮಾರಸ್ವಾಮಿ. 1917ರಿಂದ ಅಲ್ಲಿ ಭಾರತೀಯ ಕಲಾವಿಭಾಗದ ಹೊಣೆ ಹೊತ್ತಿದ್ದ ಅವರು ಅದೇ ವರ್ಷ ಅಭಿನಯದರ್ಪಣದ ಇಂಗ್ಲಿಷ್ ಅನುವಾದವನ್ನೂ ಮರುವರ್ಷ ‘ದಿ ಡಾನ್ಸ್ ಆಫ್ ಶಿವ’ ಸಂಕಲನವನ್ನೂ ಪ್ರಕಟಿಸಿದ್ದರು. ಅಮೆರಿಕದ ದೊಡ್ಡ ಸಂಗ್ರಹಾಲಯವೊಂದು ಛಾಯಾಚಿತ್ರಗಳನ್ನು ಕಲಾಕೃತಿಗಳೆಂದು ಸ್ವೀಕರಿಸಿದ ಆರಂಭದ ನಿದರ್ಶನಗಳಲ್ಲಿ ಇದೂ ಒಂದು. ವಿಚಿತ್ರವೆಂದರೆ, ಕಲೆಯೆಂದರೆ ಕಲಾವಿದನ ಆತ್ಮಾಭಿವ್ಯಕ್ತಿ ಎಂಬ ಆಧುನಿಕ ನಂಬಿಕೆಯನ್ನು ಕುಮಾರಸ್ವಾಮಿಯವರಷ್ಟು ನಿಷ್ಠುರವಾಗಿ ನಿರಾಕರಿಸಿದವರು ಕಡಿಮೆ. 1934ರ ‘ದಿ ಟ್ರಾನ್ಸ್‌ಫರ್ಮೇಷನ್ ಆಫ್ ನೇಚರ್ ಇನ್ ಆರ್ಟ್’ ಗ್ರಂಥದಲ್ಲಿಯೂ ನಂತರದ ಬರಹಗಳಲ್ಲಿಯೂ ಅವರು ಎತ್ತಿಹಿಡಿದದ್ದು ಕಲಾವಿದನ ಹೆಸರು ಮತ್ತು ಮನೋವ್ಯಾಪಾರಗಳು ಗೌಣವಾಗುವ ಪರಂಪರೆಯನ್ನು.

ಇದನ್ನು ವಿರೋಧಾಭಾಸವೆಂದು ಬಿಡುವುದಕ್ಕಿಂತ ಸುಳಿವೆಂದು ತೆಗೆದುಕೊಳ್ಳುವುದು ಹೆಚ್ಚು ಫಲಕಾರಿ. ವಾಲ್ಮೀಕಿಯ ಶೋಕ ಶ್ಲೋಕವಾದ ಪ್ರಸಂಗವನ್ನು ವಿವರಿಸುತ್ತ ಅಭಿನವಗುಪ್ತನು ಲೋಚನದಲ್ಲಿ, ಆ ಶೋಕವನ್ನು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದೆಂದು ಎಚ್ಚರಿಸುತ್ತಾನೆ. ಸ್ವಂತ ದುಃಖದಲ್ಲಿ ಮುಳುಗಿದವನಿಂದ ಛಂದೋಬದ್ಧವಾದ ಮಾತು ಹೊರಡದು. ಕ್ರೌಂಚದ ಶೋಕವು ಹೃದಯಸಂವಾದದಿಂದ ಸಾಧಾರಣೀಕೃತವಾಗಿ ತುಂಬಿದ ಕೊಡದಂತೆ ಹೊರಚೆಲ್ಲಿತು ಎಂಬುದು ಅವನ ನಿಲುವು. ಸಮಾನಕಗಳ ತಯಾರಿಕೆಯಲ್ಲಿ ನಡೆದದ್ದು ಬಹುಮಟ್ಟಿಗೆ ಇಂಥದೇ ದೂರೀಕರಣ. ಮೋಡವನ್ನು ಹಿಡಿದ ಕ್ಷಣಕ್ಕೂ ಕತ್ತಲ ಕೋಣೆಯಲ್ಲಿ ಅದರ ಕಪ್ಪನ್ನು ಹದಗೊಳಿಸಿದ ಹೊತ್ತಿಗೂ ನಡುವೆ ನೀಲಿ ಹೋಯಿತು, ನೆಲ ಹೋಯಿತು, ಹಳ್ಳಿಮನೆಯ ಛಾವಣಿ ಹೋಯಿತು. ಅವುಗಳೊಡನೆ ತಾಯಿಯ ಮಗನೂ ಹಿಂದೆ ಸರಿದ. ಸ್ಟೀಗ್ಲಿಟ್ಸ್ ಆಯ್ದು ಉಳಿಸಿಕೊಂಡಿದ್ದ ಮುದ್ರಿಕೆಗಳನ್ನು ಓಕೀಫ್ 1949ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಕೊಟ್ಟಳು. 1980ರಲ್ಲಿ ಬಂದವೂ ಸೇರಿ ಅಲ್ಲಿ 1,642 ಚಿತ್ರಗಳಿವೆ. ಅವುಗಳ ನಡುವಿನ ಮೋಡಗಳ ಹಲಗೆಗಳ ಮೇಲೆ ಮುದಿ ಕುದುರೆಯ ಸುದ್ದಿಯಿಲ್ಲ, ಚೆಸ್ಟ್‌ನಟ್ ಮರಗಳ ಸುದ್ದಿಯಿಲ್ಲ. ‘ಸಮಾನಕ’ ಎಂಬ ಹೆಸರೊಂದೇ ಚಿತ್ರದಿಂದ ಚಿತ್ರಕ್ಕೆ ಮರುಕಳಿಸುತ್ತ ಹೋಗುತ್ತದೆ.